ಉತ್ತರವಿಲ್ಲದ ಲೆಕ್ಕ

೧೯೯೭ರ ಅಕ್ಟೋಬರ್ ೪. ಕಜಾಕಸ್ತಾನದ ಅಲ್ಮಾಟಿ ನಗರದಲ್ಲಿ ಅಂದು ನಡೆದ ಫುಟ್‌ಬಾಲ್ ಪಂದ್ಯದಲ್ಲಿ ಜಪಾನ್ ಗೆಲುವಿನ ಅಂಚಿನಲ್ಲಿತ್ತು. ಆಟ ಇನ್ನೇನು ಮುಗಿಯಿತು ಎನ್ನುವಾಗ ಎದುರಾಳಿಗಳು ಗೋಲು ಹೊಡೆದು ೧-೧ರ ಸಮ ಮಾಡಿಕೊಂಡರು. ಮರುವರ್ಷ ಫ್ರಾನ್ಸಿನಲ್ಲಿ ನಡೆಯಲಿದ್ದ ವಿಶ್ವಕಪ್‌ಗೆ ಹೋಗುವ ಜಪಾನಿನ ಕನಸು ಕೈಜಾರತೊಡಗಿತು. ಆ ರಾತ್ರಿಯೇ ಜಪಾನ್ ಫುಟ್‌ಬಾಲ್ ಸಂಸ್ಥೆಯ ಹಿರಿಯರು ತಂಡದ ಮುಖ್ಯ ತರಬೇತುದಾರ ಶು ಕಾಮೊ ಅವರನ್ನು ಹುದ್ದೆಯಿಂದ ತೆಗೆದರು. ಇನ್ನೊಂದು ವಾರಕ್ಕೆ ಉಜ್ಬೇಕಿಸ್ತಾನದಲ್ಲಿ ಮುಂದಿನ ಪಂದ್ಯ. ಹೊಸಬರನ್ನು ಹುಡುಕಿ ಕರೆತರಲು ವೇಳೆಯಿರಲಿಲ್ಲ. ಕಾಮೊ ಅವರ ಸಹಾಯಕರಾಗಿದ್ದ, ಕನ್ನಡಕಧಾರಿ, ೪೧ ವರ್ಷದ ಒಬ್ಬರ ಹೆಗಲಿಗೆ ಇಡೀ ತಂಡದ ಹೊಣೆ ಬಿತ್ತು.

ಅವರೇ ತಕೇಶಿ ಒಕಾಡಾ. ಅದುವರೆಗೆ ಅವರು ಯಾವ ತಂಡಕ್ಕೂ ಮುಖ್ಯ ತರಬೇತುದಾರರಾಗಿದ್ದವರಲ್ಲ. ತಮ್ಮನ್ನು ಕರೆತಂದ ಹಿರಿಯರು ಹೊರಬಿದ್ದ ಮೇಲೆ ಅವರ ಕುರ್ಚಿಯಲ್ಲಿ ತಾವು ಕೂರುವುದು ಒಕಾಡಾ ಅವರಿಗೆ ಸರಿಕಾಣಲಿಲ್ಲ. ಮುಂದಿನ ಒಂದು ಪಂದ್ಯದ ಮಟ್ಟಿಗೆ ಎಂದುಕೊಂಡು ಒಪ್ಪಿದರು. ಆ ಒಂದು ಪಂದ್ಯ ಅವರ ಬದುಕನ್ನೇ ಬೇರೆ ದಾರಿಗೆ ತಿರುಗಿಸಿತು.

ಶಾಲೆಯ ಗಣಿತ ಪುಸ್ತಕದ ಕೊನೆಯ ಪುಟಗಳಲ್ಲಿ ಉತ್ತರಗಳಿರುತ್ತವೆ. ಲೆಕ್ಕ ಮಾಡಿ, ಪುಟ ತಿರುಗಿಸಿ, ಸರಿಯೋ ತಪ್ಪೋ ನೋಡಿಕೊಳ್ಳಬಹುದು. ಶಾಲೆ ಬಿಟ್ಟ ಮೇಲೆ ಎದುರಾಗುವ ಎಷ್ಟೋ ಲೆಕ್ಕಗಳಿಗೆ ಅಂಥ ಪುಟ ಇರುವುದಿಲ್ಲ. ಒಕಾಡಾ ಅವರ ಜೀವನವನ್ನು ನೋಡಿದಾಗ ಅವರ ಪಾಲಿಗೆ ಬಂದವೆಲ್ಲ ಇಂಥ ಲೆಕ್ಕಗಳೇ ಎನಿಸುತ್ತದೆ.

ಒಕಾಡಾ ಹುಟ್ಟಿದ್ದು ೧೯೫೬ರ ಆಗಸ್ಟ್‌ನಲ್ಲಿ, ಒಸಾಕಾ ನಗರದಲ್ಲಿ. ಆ ಕಾಲದ ಜಪಾನಿನ ಹುಡುಗರಂತೆ ಅವರೂ ಮೊದಲು ಬೇಸ್‌ಬಾಲ್ ಆಡುತ್ತಿದ್ದರು. ೧೯೬೮ರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಜಪಾನ್ ಫುಟ್‌ಬಾಲ್ ತಂಡ ಕಂಚಿನ ಪದಕ ಗೆದ್ದಾಗ ಅವರಿಗೆ ಹನ್ನೆರಡು ವರ್ಷ. ದೇಶದ ತುಂಬ ಫುಟ್‌ಬಾಲ್ ಹುಚ್ಚು ಹರಡಿದ್ದ ಆ ದಿನಗಳಲ್ಲಿ, ಮಾಧ್ಯಮಿಕ ಶಾಲೆಗೆ ಬಂದ ಮೇಲೆ ಈ ಹುಡುಗನೂ ಚೆಂಡನ್ನು ಕಾಲಿಗೆ ಹಾಕಿಕೊಂಡ. ಒಸಾಕಾದ ತೆನ್ನೋಜಿ ಪ್ರೌಢಶಾಲೆ ಓದಿಗೆ ಹೆಸರಾದದ್ದು, ಆಟಕ್ಕಲ್ಲ. ಅಲ್ಲಿದ್ದುಕೊಂಡೇ ಅವರು ಜಪಾನಿನ ಕಿರಿಯರ ತಂಡಕ್ಕೆ ಆಯ್ಕೆಯಾದರು.

ಆಮೇಲೆ ಬಂತು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆ. ಮೊದಲ ಸಲ ಅವರಿಗೆ ಯಶಸ್ಸು ಸಿಗಲಿಲ್ಲ. ಜಪಾನಿನಲ್ಲಿ ಹೀಗೆ ಒಂದು ವರ್ಷ ಮನೆಯಲ್ಲಿ ಉಳಿದು ಮತ್ತೆ ಪರೀಕ್ಷೆಗೆ ಕೂರುವ ವಿದ್ಯಾರ್ಥಿಯನ್ನು ‘ರೋನಿನ್’ ಎನ್ನುತ್ತಾರೆ. ಹಿಂದಿನ ಕಾಲದಲ್ಲಿ ಒಡೆಯನನ್ನು ಕಳೆದುಕೊಂಡು ಅಲೆಯುತ್ತಿದ್ದ ಸಮುರಾಯ್ ಯೋಧನಿಗಿದ್ದ ಹೆಸರು ಅದು. ಫಲಿತಾಂಶದ ಪಟ್ಟಿಯಲ್ಲಿ ಹೆಸರು ಕಾಣದ ಮಗನ ಮುಖ, ಆ ಮುಖ ನೋಡುವ ತಂದೆತಾಯಿಯ ಸಂಕಟ ಎಲ್ಲ ದೇಶಗಳಲ್ಲೂ ಒಂದೇ. ಒಂದು ವರ್ಷ ಕಾಯ್ದು ಒಕಾಡಾ ಟೋಕಿಯೊದ ವಾಸೆದಾ ವಿಶ್ವವಿದ್ಯಾಲಯದ ರಾಜಕೀಯ ಶಾಸ್ತ್ರ ಮತ್ತು ಅರ್ಥಶಾಸ್ತ್ರ ವಿಭಾಗವನ್ನು ಸೇರಿದರು. ಅಲ್ಲಿ ಮೊದಲು ಹವ್ಯಾಸಕ್ಕಾಗಿ ಆಡುವ ಗುಂಪಿನಲ್ಲಿದ್ದವರು ಅನಂತರ ವಿಶ್ವವಿದ್ಯಾಲಯದ ನಿಜವಾದ ತಂಡಕ್ಕೆ ಬಂದರು.

೧೯೮೦ರಲ್ಲಿ ಪದವಿ ಮುಗಿಸಿ ಫುರುಕಾವಾ ಎಲೆಕ್ಟ್ರಿಕ್ ಕಂಪನಿಗೆ ಸೇರಿದರು. ಆಗ ಜಪಾನಿನಲ್ಲಿ ವೃತ್ತಿಪರ ಫುಟ್‌ಬಾಲ್ ಇರಲಿಲ್ಲ. ದೊಡ್ಡ ಕಂಪನಿಗಳಿಗೆ ತಮ್ಮ ತಮ್ಮ ತಂಡಗಳಿದ್ದವು. ಆಟಗಾರರು ಕಂಪನಿಯ ನೌಕರರು. ಒಕಾಡಾ ಆಡುತ್ತಿದ್ದುದು ರಕ್ಷಣಾ ಸಾಲಿನಲ್ಲಿ. ಗೋಲು ಹೊಡೆದವನ ಹೆಸರು ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ಗೋಲಾಗದಂತೆ ತಡೆದವನ ಹೆಸರು ಬರುವುದು ತಡೆಯಲಾಗದೆ ಹೋದಾಗ ಮಾತ್ರ. ಹಿಂದೆ ನಿಂತವನಿಗೆ ಒಂದು ಅನುಕೂಲವೂ ಉಂಟು, ಇಡೀ ಮೈದಾನ ಅವನ ಕಣ್ಣೆದುರಿಗಿರುತ್ತದೆ. ಮೈಕಟ್ಟಿನಲ್ಲಾಗಲಿ ವೇಗದಲ್ಲಾಗಲಿ ಅಸಾಮಾನ್ಯರಲ್ಲದ ಒಕಾಡಾ, ಆಟವನ್ನು ಓದುವ ಬುದ್ಧಿಯಿಂದ ತಂಡದಲ್ಲಿ ಸ್ಥಾನ ಗಳಿಸಿಕೊಂಡರು. ೧೯೮೬ರಲ್ಲಿ ಫುರುಕಾವಾ ತಂಡ ಏಷ್ಯಾದ ಕ್ಲಬ್ ಚಾಂಪಿಯನ್ ಆಯಿತು. ಜಪಾನಿನ ತಂಡವೊಂದು ಆ ಪ್ರಶಸ್ತಿ ಗೆದ್ದದ್ದು ಅದೇ ಮೊದಲು.

ದೇಶಕ್ಕಾಗಿ ಅವರು ಆಡಿದ್ದು ೨೪ ಪಂದ್ಯ, ಹೊಡೆದದ್ದು ಒಂದೇ ಗೋಲು. ಆ ಒಂದು ಗೋಲಿಗೆ ಭಾರತದ ನೆಲ ಸಾಕ್ಷಿ. ೧೯೮೨ರ ನವದೆಹಲಿ ಏಷ್ಯನ್ ಕ್ರೀಡಾಕೂಟದಲ್ಲಿ, ಬದ್ಧ ಎದುರಾಳಿ ದಕ್ಷಿಣ ಕೊರಿಯಾವನ್ನು ಜಪಾನ್ ೨-೧ರಿಂದ ಸೋಲಿಸಿದ ಪಂದ್ಯದಲ್ಲಿ ಅದು ಬಂತು.

೧೯೯೦ರಲ್ಲಿ ಆಟ ನಿಲ್ಲಿಸಿ ತರಬೇತಿಯ ಕಡೆಗೆ ಹೊರಳಿದರು. ವೃತ್ತಿಪರ ಜೆ ಲೀಗ್ ಆರಂಭವಾದದ್ದು ೧೯೯೩ರಲ್ಲಿ. ಅದರ ಹಣವಾಗಲಿ ಹೆಸರಾಗಲಿ ಆಟಗಾರರಾಗಿ ಅವರಿಗೆ ದೊರೆಯಲಿಲ್ಲ. ಜರ್ಮನಿಗೆ ಹೋಗಿ ತರಬೇತಿಯ ಕ್ರಮಗಳನ್ನು ಕಲಿತುಬಂದರು. ೧೯೯೫ರಿಂದ ರಾಷ್ಟ್ರೀಯ ತಂಡದ ಸಹಾಯಕ ತರಬೇತುದಾರರಾಗಿದ್ದವರು ಅಲ್ಮಾಟಿಯ ಆ ರಾತ್ರಿ ಮುಂದಿನ ಸಾಲಿಗೆ ಬಂದುನಿಂತರು.

ಆಗಿನ ಜಪಾನಿಗೆ ವಿಶ್ವಕಪ್ ಎಂದರೆ ಏನಾಗಿತ್ತು ಎಂಬುದನ್ನು ತಿಳಿಯಬೇಕಾದರೆ ನಾಲ್ಕು ವರ್ಷ ಹಿಂದಕ್ಕೆ ಹೋಗಬೇಕು. ೧೯೯೩ರ ಅಕ್ಟೋಬರ್‌ನಲ್ಲಿ ಕತಾರ್‌ನ ದೋಹಾದಲ್ಲಿ ಇರಾಕ್ ವಿರುದ್ಧ ಗೆದ್ದಿದ್ದರೆ ಜಪಾನ್ ಮೊದಲ ಬಾರಿಗೆ ವಿಶ್ವಕಪ್‌ಗೆ ಹೋಗುತ್ತಿತ್ತು. ೨-೧ರಿಂದ ಮುಂದಿತ್ತು. ಕೊನೆಯ ಕ್ಷಣದಲ್ಲಿ ಇರಾಕ್ ಗೋಲು ಹೊಡೆಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಟಗಾರರು ಮೈದಾನದಲ್ಲೇ ಕುಸಿದು ಕುಳಿತ ದೃಶ್ಯವನ್ನು ದೇಶವೇ ಟೀವಿಯಲ್ಲಿ ನೋಡಿತ್ತು. ಅಂಥ ಗಾಯ ಮಾಯದಿರುವಾಗ ಇನ್ನೊಂದು ಸೋಲನ್ನು ಸಹಿಸುವ ತಾಳ್ಮೆ ಯಾರಲ್ಲೂ ಉಳಿದಿರಲಿಲ್ಲ.

ಒಕಾಡಾ ಅವರ ಮೊದಲ ಪಂದ್ಯ ತಾಷ್ಕೆಂಟ್‌ನಲ್ಲಿ ೧-೧ರಿಂದ ಡ್ರಾ ಆಯಿತು. ಟೋಕಿಯೊದಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ವಿರುದ್ಧದ ಪಂದ್ಯವೂ ೧-೧. ಅಂದು ಸಿಟ್ಟಿಗೆದ್ದ ಅಭಿಮಾನಿಗಳು ಆಟಗಾರರ ಬಸ್ಸನ್ನು ಮುತ್ತಿ ಕೈಗೆ ಸಿಕ್ಕಿದ್ದನ್ನು ಎಸೆದರು. ಇಂಥ ಹೆಸರು ಬರುತ್ತದೆಂದು ಕನಸಿನಲ್ಲೂ ಎಣಿಸದ ಒಕಾಡಾ ತಮ್ಮ ಮನೆಯ ದೂರವಾಣಿ ಸಂಖ್ಯೆಯನ್ನು ಡೈರೆಕ್ಟರಿಯಲ್ಲಿ ಹಾಗೆಯೇ ಬಿಟ್ಟಿದ್ದರು. ಫೋನು ಹಗಲಿರುಳು ಬಾರಿಸತೊಡಗಿತು. ಬೆದರಿಕೆಯ ಪತ್ರಗಳು ಬಂದವು. ಮನೆಯ ಮುಂದೆ ಪೊಲೀಸ್ ವಾಹನ ನಿಂತಿತು. ಮಕ್ಕಳನ್ನು ಒಂಟಿಯಾಗಿ ಶಾಲೆಗೆ ಕಳುಹಿಸಬೇಡಿ ಎಂದು ಪೊಲೀಸರು ಹೇಳಿದರು. ಅಪ್ಪನ ಕೆಲಸದ ಬೆಲೆಯನ್ನು ಮಕ್ಕಳೂ ತೆರಬೇಕಾಗಿ ಬಂತು.

ಆದರೂ ತಂಡ ಚೇತರಿಸಿಕೊಂಡಿತು. ಸೋಲ್ ನಗರಕ್ಕೆ ಹೋಗಿ ಕೊರಿಯಾವನ್ನು ೨-೦ಯಿಂದ, ಟೋಕಿಯೊದಲ್ಲಿ ಕಜಾಕಸ್ತಾನವನ್ನು ೫-೧ರಿಂದ ಸೋಲಿಸಿ ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆಯಿತು. ಇನ್ನು ಉಳಿದದ್ದು ಇರಾನ್ ವಿರುದ್ಧ ಒಂದೇ ಪಂದ್ಯ, ನವೆಂಬರ್ ೧೬ರಂದು ಮಲೇಷ್ಯಾದ ಜೊಹೊರ್ ಬಾರುವಿನಲ್ಲಿ.

ಪಂದ್ಯಕ್ಕೆ ಮುನ್ನ ಒಕಾಡಾ ಹೆಂಡತಿಗೆ ಫೋನು ಮಾಡಿದರು. ನಾಳೆ ಸೋತರೆ ತಾವು ಜಪಾನಿಗೆ ಹಿಂತಿರುಗಲಾಗದೇ ಹೋಗಬಹುದು, ಕೆಲವು ಕಾಲ ಹೊರದೇಶದಲ್ಲಿ ಇರಬೇಕಾದೀತು ಎಂದರು. ತಮಾಷೆಯ ಮಾತಲ್ಲ ಅದು. ಅನಂತರ ಕೋಣೆಯಲ್ಲಿ ಒಬ್ಬರೇ ಕುಳಿತಾಗ ಮನಸ್ಸು ಇದ್ದಕ್ಕಿದ್ದಂತೆ ತಿಳಿಯಾಯಿತು ಎಂದು ಅವರೇ ಹೇಳಿಕೊಂಡಿದ್ದಾರೆ. ತನ್ನಲ್ಲಿರುವುದನ್ನೆಲ್ಲ ನಾಳೆ ಧಾರೆಯೆರೆಯುವುದು. ಆಗಲೂ ಸೋತರೆ ಕೈಮುಗಿದು ಕ್ಷಮೆ ಕೇಳುವುದು. ಅಷ್ಟಕ್ಕೂ ಇದು ತನ್ನೊಬ್ಬನ ತಪ್ಪೇನಲ್ಲ, ತನ್ನನ್ನು ಈ ಕೆಲಸಕ್ಕೆ ಆರಿಸಿದ ಅಧ್ಯಕ್ಷರ ತಪ್ಪೂ ಹೌದು! ಹೀಗೆ ಯೋಚಿಸಿದಾಗ ಅವರಿಗೇ ನಗು ಬಂತಂತೆ. ಭಯ ಬಿಟ್ಟುಹೋದದ್ದು ಆಗಲೇ.

ಪಂದ್ಯದ ನಡುವೆ ಜಪಾನ್ ೧-೨ರಿಂದ ಹಿಂದೆ ಬಿತ್ತು. ಆಗ ಒಕಾಡಾ ಒಂದು ದೊಡ್ಡ ಸಾಹಸ ಮಾಡಿದರು. ಮುನ್ಪಡೆಯ ಇಬ್ಬರನ್ನೂ ಒಟ್ಟಿಗೇ ಹೊರಗೆ ಕರೆಸಿ ಬೇರೆ ಇಬ್ಬರನ್ನು ಒಳಗೆ ಕಳುಹಿಸಿದರು. ಹೊರಗೆ ಬಂದವರಲ್ಲಿ ಒಬ್ಬರು ಜಪಾನಿನ ಮನೆಮಾತಾಗಿದ್ದ ಕಜುಯೋಶಿ ಮಿಯುರಾ, ಜನರ ಪ್ರೀತಿಯ ‘ಕಜು’. ಹೊಸದಾಗಿ ಬಂದ ಶೋಜಿ ಜೋ ೭೬ನೆಯ ನಿಮಿಷದಲ್ಲಿ ಗೋಲು ಹೊಡೆದರು. ಪಂದ್ಯ ೨-೨ರಲ್ಲಿ ನಿಂತು ಹೆಚ್ಚುವರಿ ಅವಧಿಗೆ ಹೋಯಿತು. ಮೊದಲು ಗೋಲು ಹೊಡೆದವರೇ ಗೆದ್ದಂತೆ ಎಂಬ ನಿಯಮ ಆಗ ಇತ್ತು. ಓಟದಲ್ಲಿ ನಿಸ್ಸೀಮನೆನಿಸಿದ ಮಸಾಯುಕಿ ಒಕಾನೊ ಎಂಬ ಆಟಗಾರನನ್ನು ಒಕಾಡಾ ಇಳಿಸಿದರು. ಒಕಾನೊ ಒಂದರ ಮೇಲೊಂದು ಅವಕಾಶ ಕೈಚೆಲ್ಲಿದರು. ನೋಡುವವರು ತಲೆ ಚಚ್ಚಿಕೊಂಡರು. ೧೧೮ನೆಯ ನಿಮಿಷದಲ್ಲಿ ಹಿದೆತೋಷಿ ನಕಾತಾ ಹೊಡೆದ ಚೆಂಡನ್ನು ಇರಾನಿನ ಗೋಲ್‌ಕೀಪರ್ ತಡೆದಾಗ, ಪುಟಿದುಬಂದ ಚೆಂಡಿನ ಬಳಿ ಇದ್ದವರು ಅದೇ ಒಕಾನೊ. ಈ ಸಲ ತಪ್ಪಲಿಲ್ಲ. ಜಪಾನ್ ಮೊದಲ ಬಾರಿಗೆ ವಿಶ್ವಕಪ್ ಬಾಗಿಲನ್ನು ದಾಟಿತು.

ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ಯಾವ ದೇಶದಲ್ಲೂ ಕೊರತೆಯಿಲ್ಲ. ಕಲ್ಲೆಸೆದವರೇ ಹೂವಿನ ಹಾರ ತಂದರು. ಆದರೆ ಒಕಾಡಾ ಅವರ ನಿಜವಾದ ಲೆಕ್ಕ ಇನ್ನೂ ಮುಂದೆ ಕಾದಿತ್ತು.

೧೯೯೮ರ ಬೇಸಿಗೆಯಲ್ಲಿ ಅವರು ಸ್ವಿಟ್ಜರ್ಲೆಂಡಿನ ನಿಯೋನ್‌ಗೆ ಕರೆದೊಯ್ದದ್ದು ೨೫ ಆಟಗಾರರನ್ನು. ವಿಶ್ವಕಪ್ ನಿಯಮದ ಪ್ರಕಾರ ೨೨ ಜನರಿಗೆ ಮಾತ್ರ ಸ್ಥಾನ. ಜೂನ್ ೨ರಂದು ಪತ್ರಕರ್ತರ ಮುಂದೆ ಕುಳಿತು ಅವರು ಬಿಟ್ಟುಹೋದ ಮೂವರ ಹೆಸರು ಹೇಳಿದರು. ೧೮ ವರ್ಷದ ದೈಸುಕೆ ಇಚಿಕಾವಾ, ಅನುಭವಿ ತ್ಸುಯೋಶಿ ಕಿತಾಜಾವಾ, ಮತ್ತು ಕಜು ಮಿಯುರಾ.

ಕಜು ಅವರ ಹೆಸರು ಕೇಳಿ ಜಪಾನ್ ದಂಗಾಯಿತು. ಕಜು ಹದಿನೈದನೆಯ ವಯಸ್ಸಿನಲ್ಲಿ ಶಾಲೆ ಬಿಟ್ಟು ಒಬ್ಬರೇ ಬ್ರೆಜಿಲ್‌ಗೆ ಹೋಗಿ ಆಟ ಕಲಿತವರು. ಸಾಂಟೋಸ್‌ನಂಥ ಕ್ಲಬ್ಬಿನಲ್ಲಿ ವೃತ್ತಿಪರರಾದವರು. ಜೆ ಲೀಗ್‌ನ ಮೊದಲ ವರ್ಷದ ಶ್ರೇಷ್ಠ ಆಟಗಾರ. ದೋಹಾದಲ್ಲಿ ಕಣ್ಣೀರಿಟ್ಟವರು. ಜಪಾನಿನ ಹುಡುಗರು ಫುಟ್‌ಬಾಲ್ ಆಡತೊಡಗಿದ್ದೇ ಅವರನ್ನು ನೋಡಿ ಎಂದರೂ ನಡೆದೀತು. ಅಂಥವರನ್ನು ವಿಶ್ವಕಪ್‌ನ ಹೊಸ್ತಿಲಿನಿಂದ ಹಿಂದಕ್ಕೆ ಕಳುಹಿಸುವುದೇ? ಆಗ ಕಜುಗೆ ೩೧ ವರ್ಷ. ಕೆಲವು ತಿಂಗಳಿಂದ ಅವರ ಆಟದಲ್ಲಿ ಮೊದಲಿನ ಮೊನಚು ಇರಲಿಲ್ಲ ಎಂಬುದೂ ನಿಜ. ಫ್ರಾನ್ಸಿನಲ್ಲಿ ತಾವು ಆಡಬೇಕೆಂದಿರುವ ಆಟದಲ್ಲಿ ಅವರನ್ನು ಬಳಸುವ ಸಂದರ್ಭ ಬರಲಾರದು ಎಂಬುದು ಒಕಾಡಾ ಅವರ ಎಣಿಕೆ. ಕಜು ಮರುಮಾತಿಲ್ಲದೆ ಊರಿಗೆ ಮರಳಿದರು. ಜಪಾನ್ ತಂಡದ ಆಟಗಾರನ ಅಭಿಮಾನವನ್ನೂ ಆತ್ಮವನ್ನೂ ಅಲ್ಲೇ ಬಿಟ್ಟುಬಂದಿದ್ದೇನೆ ಎಂಬ ಅರ್ಥದ ಅವರ ಮಾತು ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು.

ಒಂದು ಗೆಲುವು, ಒಂದು ಡ್ರಾ, ಒಂದು ಸೋಲು ತಮ್ಮ ಗುರಿ ಎಂದು ಒಕಾಡಾ ಮೊದಲೇ ಹೇಳಿದ್ದರು. ಆದದ್ದು ಮೂರು ಸೋಲು. ಅರ್ಜೆಂಟೀನಾ ವಿರುದ್ಧ ೦-೧, ಕ್ರೊಯೇಷಿಯಾ ವಿರುದ್ಧ ೦-೧, ಜಮೈಕಾ ವಿರುದ್ಧ ೧-೨. ಕಜು ಇದ್ದಿದ್ದರೆ ಏನಾಗುತ್ತಿತ್ತು? ಯಾರಿಗೂ ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಪುಟ ತಿರುಗಿಸಿ ಉತ್ತರ ನೋಡುವಂತಿಲ್ಲದ ಲೆಕ್ಕ ಎಂದರೆ ಇದೇ. ಒಕಾಡಾ ರಾಜೀನಾಮೆ ಕೊಟ್ಟರು. ಆ ಒಂದು ಹೆಸರು ಮಾತ್ರ ಅವರು ಹೋದಲ್ಲೆಲ್ಲ ನೆರಳಿನಂತೆ ಹಿಂಬಾಲಿಸಿತು.

ತರಬೇತುದಾರನ ಕೆಲಸ ಏನೆಂದು ಕೇಳಿದವರಿಗೆ ಒಕಾಡಾ ಕೊಡುವ ಉತ್ತರ ಚಿಕ್ಕದು: ನಿರ್ಧಾರ ಮಾಡುವುದು. ಸಹಾಯಕರು ಹತ್ತು ಸಲಹೆ ಕೊಡಬಹುದು, ಆದರೆ ಹನ್ನೊಂದು ಹೆಸರುಗಳನ್ನು ಬರೆಯುವ ಕೈ ಒಂದೇ. ಹಾಗೆ ಬರೆಯುವಾಗ ನಾಲ್ಕು ಜನರಿಗೆ ತಾನು ಒಳ್ಳೆಯವನಾಗಿ ಕಾಣಬೇಕೆಂಬ ಆಸೆ ಒಳಗೆ ನುಸುಳಬಾರದು ಎಂಬುದು ಅವರ ಕಟ್ಟುನಿಟ್ಟು. ಜಪಾನಿನಲ್ಲಿ ಮದುವೆಯಾಗುವವರು ಗೌರವದ ಹಿರಿಯರನ್ನು ಮಧ್ಯಸ್ಥರನ್ನಾಗಿ ಕೂರಿಸಿಕೊಳ್ಳುವ ಪದ್ಧತಿಯಿದೆ. ಒಕಾಡಾ ತಮ್ಮ ಆಟಗಾರರ ಮದುವೆಯಲ್ಲಿ ಆ ಸ್ಥಾನಕ್ಕೆ ಎಂದೂ ಒಪ್ಪುತ್ತಿರಲಿಲ್ಲ. ಅವರೊಡನೆ ಕೂತು ಕುಡಿಯುತ್ತಲೂ ಇರಲಿಲ್ಲ. ಮುತ್ತೈದೆಯಾಗಿ ಬಾಳೆಂದು ಇಂದು ಹರಸಿ, ನಾಳೆ ಅವಳ ಗಂಡನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕುವುದು ಹೇಗೆ? ಕಠಿಣ ಮನುಷ್ಯ ಎನಿಸಬಹುದು. ತಮ್ಮ ಮನಸ್ಸು ಎಲ್ಲಿ ಮೆತ್ತಗಾಗುತ್ತದೆ ಎಂದು ಅರಿತವರು ಮಾತ್ರ ಇಂಥ ಬೇಲಿ ಹಾಕಿಕೊಳ್ಳುತ್ತಾರೆ.

ವಿಶ್ವಕಪ್‌ನಿಂದ ಬಂದವರು ೧೯೯೯ರಲ್ಲಿ ಹೋಗಿ ಸೇರಿದ್ದು ಉತ್ತರದ ಹಿಮಭೂಮಿಯ ಸಪ್ಪೊರೊದ ಎರಡನೆಯ ದರ್ಜೆಯ ತಂಡವನ್ನು. ಮೊದಲ ವರ್ಷ ಐದನೆಯ ಸ್ಥಾನ. ಮರುವರ್ಷ ಆ ದರ್ಜೆಯ ಚಾಂಪಿಯನ್, ಮೇಲಿನ ದರ್ಜೆಗೆ ಬಡ್ತಿ. ಯೊಕೊಹಾಮಾ ಎಫ್. ಮರಿನೋಸ್ ತಂಡದೊಂದಿಗೆ ೨೦೦೩ ಮತ್ತು ೨೦೦೪ರಲ್ಲಿ ಸತತವಾಗಿ ಜೆ ಲೀಗ್ ಪ್ರಶಸ್ತಿ ಗೆದ್ದರು. ಮುಂದೆ ತಂಡ ಸೋಲತೊಡಗಿದಾಗ ೨೦೦೬ರಲ್ಲಿ ನಡುವೆಯೇ ಹೊಣೆ ಬಿಟ್ಟರು.

೨೦೦೭ರ ನವೆಂಬರ್‌ನಲ್ಲಿ ರಾಷ್ಟ್ರೀಯ ತಂಡದ ತರಬೇತುದಾರ ಇವಿಚಾ ಒಸಿಮ್ ಪಾರ್ಶ್ವವಾಯುವಿನಿಂದ ಕುಸಿದುಬಿದ್ದರು. ಮತ್ತೆ ಒಕಾಡಾ ಅವರಿಗೇ ಕರೆ ಬಂತು. ಎರಡು ಸಲವೂ ಇನ್ನೊಬ್ಬರು ಅರ್ಧಕ್ಕೆ ಬಿಟ್ಟ ಕೆಲಸ. ಎಲ್ಲಿ ಮೊದಲ ಬಾರಿಗೆ ತಂಡದ ಹೊಣೆ ಹೊತ್ತು ನಿಂತಿದ್ದರೋ ಅದೇ ತಾಷ್ಕೆಂಟ್‌ನಲ್ಲಿ, ೨೦೦೯ರ ಜೂನ್‌ನಲ್ಲಿ ಉಜ್ಬೇಕಿಸ್ತಾನವನ್ನು ೧-೦ಯಿಂದ ಸೋಲಿಸಿ ಜಪಾನ್ ೨೦೧೦ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ಗೆ ಅರ್ಹತೆ ಪಡೆಯಿತು.

ವಿಶ್ವಕಪ್‌ನಲ್ಲಿ ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗುವುದು ತಮ್ಮ ಗುರಿ ಎಂದು ಒಕಾಡಾ ಸಾರಿದಾಗ ಜನ ನಕ್ಕರು. ನಗುವುದಕ್ಕೆ ಕಾರಣವೂ ಇತ್ತು. ೨೦೧೦ರ ಏಪ್ರಿಲ್‌ನಲ್ಲಿ ಸರ್ಬಿಯಾ ವಿರುದ್ಧ, ಮೇ ತಿಂಗಳಲ್ಲಿ ಕೊರಿಯಾ ಮತ್ತು ಇಂಗ್ಲೆಂಡ್ ವಿರುದ್ಧ, ಜೂನ್ ಆರಂಭದಲ್ಲಿ ಐವರಿ ಕೋಸ್ಟ್ ವಿರುದ್ಧ, ಹೀಗೆ ಸೋಲಿನ ಮೇಲೆ ಸೋಲು. ಕೊರಿಯಾ ವಿರುದ್ಧ ಸೋತ ರಾತ್ರಿ, ತಾವು ಮುಂದುವರಿಯಬೇಕೇ ಎಂದು ಒಕಾಡಾ ಸಂಸ್ಥೆಯ ಅಧ್ಯಕ್ಷರನ್ನೇ ಕೇಳಿದರು. ಪತ್ರಿಕೆಗಳು ಅವರನ್ನು ಹರಿದು ಹಂಚಿದವು.

ತಂಡ ಮತ್ತೆ ಸ್ವಿಟ್ಜರ್ಲೆಂಡಿನಲ್ಲಿ ಬೀಡುಬಿಟ್ಟಿತ್ತು. ಹನ್ನೆರಡು ವರ್ಷಗಳ ಹಿಂದೆ ಕಜು ಅವರನ್ನು ಬಿಟ್ಟುಬಂದ ದೇಶ. ಈ ಸಲ ಸಾಸ್‌ಫೀ ಎಂಬ ಬೆಟ್ಟದೂರು. ಅಲ್ಲಿ ಆಟಗಾರರು ತಾವೇ ಸೇರಿ ಮಾತನಾಡಿದರು. ನಾವು ದೊಡ್ಡ ತಂಡವಲ್ಲ, ಚಿಕ್ಕವರು ಚಿಕ್ಕವರಂತೆ ಮೈಮುರಿದು ಆಡಬೇಕು ಎಂಬ ಮಾತು ಅಲ್ಲಿ ಬಂತು. ಒಕಾಡಾ ಕೂಡ ಎರಡೂವರೆ ವರ್ಷ ಕಟ್ಟಿದ ತಮ್ಮ ಯೋಜನೆಯನ್ನು ವಿಶ್ವಕಪ್‌ನ ಬಾಗಿಲಲ್ಲಿ ಬದಲಿಸಿಬಿಟ್ಟರು. ತಂಡದ ಮೆದುಳು ಎನಿಸಿದ್ದ ಶುನ್‌ಸುಕೆ ನಕಾಮುರಾ ಹನ್ನೊಂದರ ಬಳಗದಿಂದ ಹೊರಗುಳಿದರು. ನಾಯಕತ್ವ ೨೬ ವರ್ಷದ ಮಕೊತೊ ಹಸೆಬೆ ಅವರಿಗೆ ಹೋಯಿತು. ಗೋಲ್‌ಕೀಪರ್ ಬದಲಾದರು. ರಕ್ಷಣೆಯ ಮುಂದೆ ಇನ್ನೊಬ್ಬ ಕಾವಲುಗಾರ ಬಂದರು. ಕೇಸುಕೆ ಹೊಂಡಾ ಒಬ್ಬರೇ ಮುನ್ಪಡೆಯಲ್ಲಿ ನಿಂತರು.

ಇನ್ನೊಂದು ಆಯ್ಕೆ ಅಷ್ಟಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮೂರನೆಯ ಗೋಲ್‌ಕೀಪರ್ ಆಗಿ ಒಕಾಡಾ ಕರೆತಂದದ್ದು ೩೪ ವರ್ಷದ ಯೋಶಿಕಾತ್ಸು ಕವಾಗುಚಿಯನ್ನು. ೧೯೯೮ರಲ್ಲಿ ಗೋಲು ಕಾದವರು ಅವರೇ. ಗಾಯದಿಂದ ಬಹುಕಾಲ ಹೊರಗಿದ್ದವರು. ಮೈದಾನಕ್ಕೆ ಇಳಿಯುವ ಸಂದರ್ಭ ಬರುವುದಿಲ್ಲವೆಂದು ಗೊತ್ತಿದ್ದೂ ಅವರನ್ನು ಇಡೀ ಬಳಗದ ಹಿರಿಯನನ್ನಾಗಿ ಮಾಡಿದರು. ಆಟಕ್ಕೆ ಸ್ಥಾನ ಸಿಗದ ಹಿರಿಯನೊಬ್ಬ ಮುಖ ಗಂಟಿಕ್ಕಿಕೊಳ್ಳದೆ ಬೆನ್ನಿಗೆ ನಿಂತರೆ ಕಿರಿಯರಿಗೆ ಎಷ್ಟು ಬಲ ಬರುತ್ತದೆ ಎಂಬುದನ್ನು ೧೯೯೮ರ ಒಕಾಡಾ ಅರಿತಿದ್ದರೋ ಇಲ್ಲವೋ, ೨೦೧೦ರ ಒಕಾಡಾ ಅರಿತಿದ್ದರು.

ಕ್ಯಾಮೆರೂನ್ ವಿರುದ್ಧ ೧-೦ ಗೆಲುವು. ನೆದರ್ಲೆಂಡ್ಸ್ ವಿರುದ್ಧ ೦-೧ ಸೋಲು. ಡೆನ್ಮಾರ್ಕ್ ವಿರುದ್ಧ ೩-೧ರ ಗೆಲುವು. ಅದರಲ್ಲಿ ಹೊಂಡಾ ಮತ್ತು ಎಂಡೊ ಅವರ ಎರಡು ಫ್ರೀ ಕಿಕ್‌ಗಳನ್ನು ಕಂಡವರು ಮರೆಯಲಾರರು. ಜಪಾನ್ ಹೊರನಾಡಿನ ವಿಶ್ವಕಪ್‌ನಲ್ಲಿ ಗುಂಪಿನ ಹಂತ ದಾಟಿದ್ದು ಅದೇ ಮೊದಲು. ಜೂನ್ ೨೯ರಂದು ಪ್ರಿಟೋರಿಯಾದಲ್ಲಿ ಪರಾಗ್ವೆ ವಿರುದ್ಧದ ಪಂದ್ಯ ಗೋಲಿಲ್ಲದೆ ಮುಗಿದು ಪೆನಾಲ್ಟಿಗಳಿಗೆ ಹೋಯಿತು. ಜಪಾನಿನ ರಕ್ಷಣಾ ಆಟಗಾರ ಯೂಇಚಿ ಕೊಮಾನೊ ಹೊಡೆದ ಚೆಂಡು ಮೇಲಿನ ಕಂಬಕ್ಕೆ ಬಡಿದು ಹೊರಗೆ ಹಾರಿತು. ೩-೫ರ ಸೋಲು. ಕೊಮಾನೊ ಅತ್ತರು. ಜೊತೆಗಾರರು ಅವರ ಹೆಗಲ ಮೇಲೆ ಕೈಹಾಕಿಕೊಂಡು ನಡೆಸಿಕೊಂಡು ಹೋದರು.

ಊರಿಗೆ ಬಂದಾಗ ಹಾರ ತುರಾಯಿಗಳು ಕಾದಿದ್ದವು. ತಿಂಗಳ ಹಿಂದೆ ಮೂದಲಿಸಿದವರು ಕ್ಷಮೆ ಕೇಳಿದರು. ಒಕಾಡಾ ಹುದ್ದೆ ಬಿಟ್ಟು, ಚೀನಾದ ಹಾಂಗ್‌ಝೌ ನಗರದ ತಂಡಕ್ಕೆ ೨೦೧೨ ಮತ್ತು ೨೦೧೩ರಲ್ಲಿ ತರಬೇತಿ ಕೊಟ್ಟುಬಂದರು. ಅಲ್ಲಿಗೆ ಮುಗಿಸಿದ್ದರೂ ತುಂಬು ಜೀವನವೇ. ಆದರೆ ೨೦೧೪ರಲ್ಲಿ, ೫೮ನೆಯ ವಯಸ್ಸಿನಲ್ಲಿ, ಅವರು ಯಾರೂ ಎಣಿಸದ ಕೆಲಸಕ್ಕೆ ಕೈಹಾಕಿದರು. ಶಿಕೊಕು ದ್ವೀಪದ ಇಮಾಬಾರಿ ಎಂಬ ಊರಿನ ಫುಟ್‌ಬಾಲ್ ಕ್ಲಬ್ಬಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಕೊಂಡು ಅದರ ಒಡೆಯರಾದರು. ಸುಮಾರು ಒಂದೂವರೆ ಲಕ್ಷ ಜನರ ಊರು ಅದು. ಟವೆಲ್ ನೇಯ್ಗೆಗೂ ಹಡಗು ಕಟ್ಟುವುದಕ್ಕೂ ಹೆಸರಾದದ್ದು. ಅಲ್ಲಿನ ತಂಡ ಆಗ ಆಡುತ್ತಿದ್ದುದು ಜಪಾನಿನ ಐದನೆಯ ದರ್ಜೆಯಲ್ಲಿ.

ಇದರ ಹಿಂದೆ ಒಂದು ಮಾತಿನ ಕಥೆಯಿದೆ. ಸ್ಪೇನ್ ದೇಶದ ತರಬೇತುದಾರರೊಬ್ಬರು ಒಮ್ಮೆ ಒಕಾಡಾ ಅವರಿಗೆ, ತಮ್ಮಲ್ಲಿ ಹದಿನಾರು ವರ್ಷದವರೆಗೆ ಮಕ್ಕಳಿಗೆ ಆಟದ ಮೂಲತತ್ವಗಳನ್ನು ಕ್ರಮವಾಗಿ ಕಲಿಸುತ್ತೇವೆ, ಅನಂತರ ಅವರನ್ನು ಸ್ವತಂತ್ರವಾಗಿ ಬಿಡುತ್ತೇವೆ ಎಂದರು. ಒಕಾಡಾ ಯೋಚನೆಗೆ ಬಿದ್ದರು. ಜಪಾನಿನಲ್ಲಿ ನಡೆಯುತ್ತಿದ್ದುದು ತಿರುಗುಮುರುಗು. ಚಿಕ್ಕವರಿದ್ದಾಗ ಮನಬಂದಂತೆ ಆಡಿ ಎನ್ನುವುದು, ದೊಡ್ಡವರಾದ ಮೇಲೆ ಹೀಗೆಯೇ ಆಡಬೇಕು ಎಂದು ಕಟ್ಟಿಹಾಕುವುದು. ಹೀಗಿರುವಾಗ ಮೈದಾನದಲ್ಲಿ ಕಷ್ಟ ಬಂದ ಗಳಿಗೆಯಲ್ಲಿ ಆಟಗಾರರು ತರಬೇತುದಾರನ ಮುಖ ನೋಡದೆ ಇನ್ನೇನು ಮಾಡಿಯಾರು? ಜಪಾನಿನ ಹಳೆಯ ಕಲೆಗಳಲ್ಲಿ ‘ಶು-ಹಾ-ರಿ’ ಎಂಬ ಮೂರು ಮೆಟ್ಟಿಲುಗಳಿವೆ. ಮೊದಲು ಕಲಿಸಿದ್ದನ್ನು ಪಾಲಿಸು, ಆಮೇಲೆ ಅದನ್ನು ಮುರಿ, ಕೊನೆಗೆ ಅದರಿಂದ ಬಿಡಿಸಿಕೊಂಡು ನಿನ್ನದೇ ದಾರಿ ಹಿಡಿ. ಇದನ್ನು ಫುಟ್‌ಬಾಲಿಗೆ ತಂದು ಒಂದು ಕ್ಲಬ್ಬನ್ನು ತಳಪಾಯದಿಂದ ಕಟ್ಟಬೇಕೆಂಬುದು ಅವರ ಹಂಬಲ. ಕಟ್ಟಿದ ಕ್ರಮವನ್ನು ೨೦೧೯ರಲ್ಲಿ ಪುಸ್ತಕವಾಗಿಯೂ ಪ್ರಕಟಿಸಿದರು.

ಹತ್ತು ವರ್ಷಗಳಲ್ಲಿ, ಎಂದರೆ ೨೦೨೫ರ ಹೊತ್ತಿಗೆ, ಮೊದಲ ದರ್ಜೆಯಲ್ಲಿ ಪ್ರಶಸ್ತಿಗಾಗಿ ಸೆಣಸುತ್ತೇವೆ ಎಂದು ಅವರು ಘೋಷಿಸಿದ್ದರು. ಮೊದಲ ಪ್ರಯತ್ನದಲ್ಲೇ ಮೇಲಿನ ದರ್ಜೆಗೆ ಏರುವುದು ತಪ್ಪಿತು. ೨೦೧೬ರಲ್ಲಿ ಏರಿದರು. ಮುಂದಿನ ಮೆಟ್ಟಿಲಿಗೆ ಮೂರು ವರ್ಷ ಹಿಡಿಯಿತು. ೨೦೨೦ರಲ್ಲಿ ಜೆ೩, ೨೦೨೫ರಲ್ಲಿ ಜೆ೨. ಘೋಷಿಸಿದ ಗುರಿ ಆ ವರ್ಷಕ್ಕೆ ಕೈಗೆಟುಕಲಿಲ್ಲ. ಆದರೆ ಊರಿನ ಬೆಟ್ಟದ ಮಗ್ಗುಲಲ್ಲಿ ಸುಮಾರು ೫,೦೦೦ ಜನ ಕೂರಬಹುದಾದ ಸತೊಯಾಮಾ ಕ್ರೀಡಾಂಗಣ ೨೦೨೩ರ ಜನವರಿಯಲ್ಲಿ ತೆರೆಯಿತು. ‘ಸತೊಯಾಮಾ’ ಎಂದರೆ ಊರಿಗೂ ಕಾಡಿಗೂ ನಡುವೆ ಜನ ತಲೆಮಾರುಗಳಿಂದ ಕಾಪಾಡಿಕೊಂಡು ಬಂದ ಬೆಟ್ಟದಂಚು.

ಈ ಇಮಾಬಾರಿ ತಂಡಕ್ಕೆ ೨೦೧೯ರಲ್ಲಿ ಒಬ್ಬ ಹಿರಿಯ ಆಟಗಾರ ಬಂದು ಸೇರಿಕೊಂಡರು. ಪ್ರಿಟೋರಿಯಾದಲ್ಲಿ ಪೆನಾಲ್ಟಿ ತಪ್ಪಿಸಿಕೊಂಡ ಅದೇ ಕೊಮಾನೊ. ಆ ವರ್ಷವೇ ತಂಡ ಜೆ೩ಕ್ಕೆ ಏರಿತು. ೨೦೨೨ರಲ್ಲಿ ಕೊಮಾನೊ ಆಟಗಾರನ ಬದುಕನ್ನು ಮುಗಿಸಿದ್ದೂ ಅಲ್ಲೇ. ಒಂದು ಹೊಡೆತ ತಪ್ಪಿದ್ದಕ್ಕೆ ದೇಶವೆಲ್ಲ ಗುರುತಿಡುವ ಹೆಸರಾಗಿಬಿಟ್ಟ ಮನುಷ್ಯ, ಆ ಹೊಡೆತದ ನಂತರ ಹನ್ನೆರಡು ವರ್ಷ ಆಡಿದರು. ಕಜು ಮಿಯುರಾ ಅವರದು ಇನ್ನೂ ದೊಡ್ಡ ಕಥೆ. ವಿಶ್ವಕಪ್ ಕೊನೆಗೂ ಅವರಿಗೆ ದಕ್ಕಲಿಲ್ಲ. ಆದರೆ ೨೦೨೫ರಲ್ಲಿ, ೫೮ನೆಯ ವಯಸ್ಸಿನಲ್ಲೂ, ಅವರು ಮೈದಾನದಲ್ಲಿ ಆಡುತ್ತಿದ್ದರು. ಪಟ್ಟಿಯಿಂದ ಹೆಸರು ಹೊಡೆದುಹಾಕುವ ಅಧಿಕಾರ ಒಕಾಡಾ ಅವರಿಗಿತ್ತು. ಆಟವನ್ನು ಬಿಡುವ ಹೊತ್ತನ್ನು ನಿರ್ಧರಿಸುವ ಅಧಿಕಾರವನ್ನು ಮಾತ್ರ ಕಜು ಯಾರ ಕೈಗೂ ಕೊಡಲಿಲ್ಲ.

೨೦೨೪ರ ಏಪ್ರಿಲ್‌ನಲ್ಲಿ ಇಮಾಬಾರಿಯಲ್ಲಿ ಒಂದು ಹೊಸ ಪ್ರೌಢಶಾಲೆ ಆರಂಭವಾಯಿತು. ಹೆಸರು ಎಫ್‌ಸಿ ಇಮಾಬಾರಿ ಪ್ರೌಢಶಾಲೆ, ಸತೊಯಾಮಾ ಶಾಖೆ. ಅದರ ಮುಖ್ಯಸ್ಥರ ಸ್ಥಾನದಲ್ಲಿ ಕುಳಿತವರು ಒಕಾಡಾ. ಆಗ ಅವರಿಗೆ ೬೭ ವರ್ಷ. ಫುಟ್‌ಬಾಲ್ ಆಟಗಾರರನ್ನು ತಯಾರಿಸುವ ಶಾಲೆ ಎಂದುಕೊಂಡರೆ ತಪ್ಪು. ಮುಂದೆ ಏನಾಗುವುದೋ ಹೇಳಲಾಗದ ಕಾಲದಲ್ಲಿ, ಉತ್ತರ ಗೊತ್ತಿಲ್ಲದ ಪ್ರಶ್ನೆಯ ಮುಂದೆ ನಿಂತು ತಾವೇ ಯೋಚಿಸಿ ನಿರ್ಧರಿಸಬಲ್ಲ ಮಕ್ಕಳನ್ನು ಬೆಳೆಸುವುದು ಅದರ ಉದ್ದೇಶ.

ಪ್ರವೇಶ ಪರೀಕ್ಷೆಯಲ್ಲಿ ಒಮ್ಮೆ ಸೋತು ಒಂದು ವರ್ಷ ಕಾಯ್ದ ಹುಡುಗ, ಐವತ್ತು ವರ್ಷಗಳ ನಂತರ ಶಾಲೆಯೊಂದರ ಬಾಗಿಲಲ್ಲಿ ನಿಂತು ಮಕ್ಕಳನ್ನು ಬರಮಾಡಿಕೊಂಡದ್ದರಲ್ಲಿ ಒಂದ ಸೊಗಸಿದೆ. ನಿಯೋನ್‌ನಲ್ಲಿ ತಾವು ಮಾಡಿದ ಲೆಕ್ಕ ಸರಿಯೇ ತಪ್ಪೇ ಎಂದು ಆ ಮಕ್ಕಳಲ್ಲಿ ಯಾರಾದರೂ ಕೇಳಿದರೆ ಅವರಿಗೆ ತೋರಿಸಲು ಯಾವ ಪುಟವೂ ಇಲ್ಲ. ಲೆಕ್ಕವನ್ನು ಮಾಡದೆ ಬಿಟ್ಟು ಏಳಲಿಲ್ಲ ಎಂದು ಮಾತ್ರ ಅವರು ಹೇಳಬಲ್ಲರು.